ಪದರಗಲ್ಲು

ಆರನೆಯ ದಿನ ಹೃಷೀಕೇಶ ಎಳ್ಳುನೀರು ಬಿಡುತ್ತಿದ್ದಂತೆ ಕಲ್ಲಿನಿಂದ ಹಪ್ಪಳದಷ್ಟು ತೆಳ್ಳಗಿನ ಒಂದು ಚಕ್ಕೆ ಕಳಚಿ ತಟ್ಟೆಗೆ ಬಿತ್ತು. ಎದುರಿಗೆ ಕೂತಿದ್ದ ಅವನ ಅತ್ತೆ ಲಲಿತಮ್ಮ ಅದನ್ನು ನೋಡಿಬಿಟ್ಟರು. ತೀರಿಹೋದ ಅವರ ಮಗಳು, ಅವನ ಹೆಂಡತಿ ವಸುಧಾ, ಹತ್ತು ದಿನ ನೆಲೆಸಿರಬೇಕಾದದ್ದು ಆ ಕಲ್ಲಿನಲ್ಲೇ.

“ಇದೇನು, ಸಿಪ್ಪೆ ಬಿಡ್ತಾ ಇದೆ?”

ಅಳಿಯ ಒದ್ದೆ ಪಂಚೆಯಲ್ಲೇ ಬಗ್ಗಿ ಕಲ್ಲನ್ನು ತಿರುಗಿಸಿ ನೋಡಿದ. ಸುತ್ತಲೂ ಕೂದಲೆಳೆಯಂಥ ಬಿರುಕುಗಳು ಎದ್ದಿದ್ದವು. ದಹನದ ದಿನ, ಅವರಿದ್ದ ಪರದೇಶದ ಊರು ಲೊಂಬಾರ್ಡಿನಲ್ಲಿ, ನೆಲವೆಲ್ಲ ಹಿಮ ಮುಚ್ಚಿ ಹೆಕ್ಕಲು ಒಂದು ಕಲ್ಲೂ ಸಿಕ್ಕಿರಲಿಲ್ಲ. ಅವನ ಕಾರಿನ ಹಿಂಭಾಗದಲ್ಲಿ ಮಾತ್ರ ಒಂದು ಡಬ್ಬದ ತುಂಬ ಕಲ್ಲುಗಳಿದ್ದವು. ಸುರಂಗ, ಸೇತುವೆ ಕಟ್ಟುವವರಿಗಾಗಿ ಬಂಡೆಗಳ ಬಲ ಪರೀಕ್ಷಿಸುವುದು ಅವನ ಕೆಲಸವಾಗಿತ್ತು. ಕಟ್ಟುವವರೇ ಇಲ್ಲದೆ ಪ್ರಯೋಗಾಲಯ ಬಾಗಿಲು ಹಾಕಿದಾಗ ಉಳಿದ ತುಂಡುಗಳನ್ನು ತಂದಿಟ್ಟುಕೊಂಡಿದ್ದ. ಅವುಗಳಲ್ಲೊಂದನ್ನು ಆರಿಸಿ, “ಇದರ ಜೊತೆಯದು ಒಂದು ಲಾರಿಯ ಭಾರ ತಡೆದಿದೆ ಅತ್ತೆ” ಎಂದಿದ್ದ.

ಲಲಿತಮ್ಮ ಶ್ಯಾಮ ಭಟ್ಟರಿಗೆ ಫೋನ್ ಹಚ್ಚಿಸಿದರು. ಭಟ್ಟರು ಹತ್ತಿರದ ಊರು ಶಾಮ್‌ಬರ್ಗಿನಲ್ಲಿ ವಾರವೆಲ್ಲ ಕಂಪ್ಯೂಟರ್ ಕೆಲಸ, ಶನಿವಾರ ಭಾನುವಾರ ಪೌರೋಹಿತ್ಯ ಮಾಡುತ್ತಿದ್ದವರು. ಈಗ ವಾರವೆಲ್ಲ ಪೌರೋಹಿತ್ಯವೇ.

“ಚಕ್ಕೆ ಹೋದ್ರೆ ಚಿಂತೆ ಇಲ್ಲಮ್ಮ. ಪೂರ್ತಿ ಒಡೆದುಹೋದ್ರೆ ಮಾತ್ರ ಬೇರೆ ಕಲ್ಲು ತಂದು ಮೊದಲಿಂದ ಮಾಡ್ಬೇಕಾಗತ್ತೆ.”

“ಮೊದಲಿಂದ ಅಂದ್ರೆ ಅವಳನ್ನ ಮತ್ತೆ ಕರೀಬೇಕಾ?” ಎಂದರು ಲಲಿತಮ್ಮ. “ಎಷ್ಟು ಸಲ ಅಂತ ಕಳಿಸಿಕೊಡ್ಲಿ ಭಟ್ಟರೇ?”

ಭಟ್ಟರು ಸಂಜೆ ಬರುತ್ತೇನೆಂದು ಫೋನ್ ಇಟ್ಟರು. ಆಕೆ ಅಳಿಯನ ಕಡೆ ತಿರುಗಿದರು. “ಕಲ್ಲಿನ ಡಾಕ್ಟರು ನೀವು. ಊರವರಿಗೆಲ್ಲ ಗಟ್ಟಿ ಕಲ್ಲು ನೋಡಿಕೊಟ್ರಿ. ನನ್ನ ಮಗಳಿಗೆ ಇದೇ ಸಿಕ್ತಾ?”

“ಇದು ಹಳೇ ಕೆಸರು ಗಟ್ಟಿಯಾಗಿ ಆದ ಕಲ್ಲು, ಅತ್ತೆ. ಒಳಗೆಲ್ಲ ಪದರ. ಮೇಲಿಂದ ಎಷ್ಟು ಒತ್ತಿದ್ರೂ ತಡೆಯತ್ತೆ. ಪದರದೊಳಕ್ಕೆ ನೀರು ಇಳಿದ್ರೆ ಉಬ್ಬತ್ತೆ. ನಾನು ಭಾರ ಒಂದು ನೋಡ್ದೆ, ನೀರಿನ ಯೋಚನೆ ಮಾಡ್ಲಿಲ್ಲ. ತಪ್ಪು ನಂದೇ.”

ಆದರೂ ಇಷ್ಟು ಬೇಗ ಬಿರುಕು ಬಿಡಬಾರದಿತ್ತಲ್ಲ ಎಂದುಕೊಳ್ಳುತ್ತ ಅವನು ತಟ್ಟೆಯ ಅಡಿಗೆ ಕೈಯಿಟ್ಟ. ಬೆಚ್ಚಗಿತ್ತು. ಬಾಲ್ಕನಿಯ ಬಾಗಿಲ ಬಳಿ ಅವನು ಇಟ್ಟಿದ್ದ ತಟ್ಟೆ ಈಗ ಹೀಟರಿನ ಬಿಸಿಗಾಳಿ ಬರುವ ಕಂಡಿಯ ಪಕ್ಕದಲ್ಲಿತ್ತು.

“ಇಲ್ಲಿಗೆ ಯಾವಾಗ ಬಂತು?”

“ಮೊದಲ ದಿನಾನೇ. ನೀವು ನೀರು ಬಿಟ್ಟು ಎದ್ದ ಮೇಲೆ ದಿನಾ ನೀರು ಬಸಿದು ಇಲ್ಲಿಡ್ತೀನಿ, ಬೆಳಗ್ಗೆ ನೀವು ಬರೋ ಹೊತ್ತಿಗೆ ಅಲ್ಲಿ. ಇವತ್ತು ಅಲ್ಲಿಡೋದು ಮರೆತೆ.” ಲಲಿತಮ್ಮ ಸೆರಗು ಸರಿಮಾಡಿಕೊಂಡರು. “ಆ ಬಾಗಿಲ ಸಂದೀಲಿ ಎಂಥಾ ಗಾಳಿ ಬರತ್ತೆ. ಅವಳು ಅದರಲ್ಲಿದಾಳೆ ಅಂತೀರಿ. ಒದ್ದೆ ಮೈಯಲ್ಲಿ ಹೇಗೆ ಬಿಡ್ಲಿ?”

ದಿನವೂ ನೆನೆದು, ದಿನವೂ ಕಾದು ಒಣಗಿ, ಮತ್ತೆ ನೆನೆದ ಕಲ್ಲು. ಹೃಷೀಕೇಶ ಅದನ್ನು ಮೆಲ್ಲಗೆ ಕೆಳಗಿಟ್ಟ.

“ನೀರಿಗೇ ಬಿರುಕು ಬಿಡೋ ಕಲ್ಲಾದ್ರೆ ಮಿಕ್ಕ ದಿನ ನೀರು ಹೇಗೆ ಬಿಡ್ತೀರಿ?” ಎಂದರು ಲಲಿತಮ್ಮ.

“ನೆಂದೇ ಇದ್ರೆ ಹತ್ತನೇ ದಿನದವರೆಗೆ ತಡೆಯಬಹುದು. ಒಣಗಬಾರದು, ಅಷ್ಟೆ.” ಅಂದ ಮೇಲೆ ಅವನಿಗೆ ಅನ್ನಬಾರದಿತ್ತು ಅನ್ನಿಸಿತು.

ಲಲಿತಮ್ಮ ಕಂಡಿಯನ್ನು ನೋಡಿದರು, ಕಲ್ಲನ್ನು ನೋಡಿದರು. “ನಾನು ಶಾಖಕ್ಕಿಟ್ಟಿದ್ದಕ್ಕಾ?”

“ಇಲ್ಲ ಅತ್ತೆ. ಕಲ್ಲೇ ಅಂಥದ್ದು.”

ಆಕೆ ಅವನ ಮುಖವನ್ನೇ ನೋಡಿದರು. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಬಾಲ್ಕನಿಯ ಬಾಗಿಲಿಗೆ ಒಯ್ದು ಇಟ್ಟರು. ಮಡಿಬಟ್ಟೆಯ ತುಂಡೊಂದನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಮಡಿಸಿ, ಜ್ವರ ಬಂದ ಮಗುವಿನ ಹಣೆಗೆ ಹಾಕುವಂತೆ ಕಲ್ಲಿನ ಮೇಲೆ ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ ಕೈಯ ಹಿಂಬದಿಯಿಂದ ಮುಟ್ಟಿ ನೋಡಿದರು.

“ವಸೂಗೆ ಮೊದಲಿಂದಲೂ ಸೆಕೆ ಅಂದ್ರೆ ಆಗ್ತಿರಲಿಲ್ಲ,” ಎಂದರು ಅಳಿಯನಿಗೆ. “ಹೆತ್ತವಳಿಗೇ ಮರೆತುಹೋಯ್ತು ನೋಡಿ.”