ಕೈ ಹಿಡಿಯುವ ಕಾಲು ಗಂಟೆ

೨೦೯೧ರ ಜನವರಿ ೯, ಬೆಳಿಗ್ಗೆ ೧೧ ಗಂಟೆ ೨೦ ನಿಮಿಷ. ಸೂರ್ಯ ಮಂಕಾದ ಮೇಲೆ ಗದಗಿನ ಕೌಟುಂಬಿಕ ನ್ಯಾಯಾಲಯ ಜೀವನಾಂಶವನ್ನು ಮೈಶಾಖದಲ್ಲೇ ಕೊಡಿಸುತ್ತಿತ್ತು. ತಂದೆ ವಾರಕ್ಕೊಮ್ಮೆ ಬಂದು ಕಾಲು ಗಂಟೆ ಮಗುವಿನ ಕೈ ಹಿಡಿಯಬೇಕು.

ಮುರಿಗೆಪ್ಪನ ತುಟಿ ನೀಲಿಗಟ್ಟಿತ್ತು.

“ಹೊಸಾ ಹೆಂಡ್ತಿ ಮನ್ಯಾಗ ಎಲ್ಲಾ ಸುರುವಿ ಬಂದಿಯೇನು?” ಎಂದಳು ವಿಚ್ಛೇದಿತ ಪತ್ನಿ ಶಿವಲೀಲಾ.

“ಅಲ್ಲಿ ಸಣ್ಣ ಕೂಸು ರಾತ್ರಿಯೆಲ್ಲಾ ನಡುಗ್ತಿತ್ತು. ಮುಂದಿನ ವಾರ ಕೊಡ್ತೀನಿ.”

“ಇವತ್ತಂದ್ರ ಇವತ್ತ. ನನ್ನ ಮಗಳ ಹಕ್ಕು ಅದು.”

ಆರು ವರ್ಷದ ಐರಾ ಅಪ್ಪನ ಕೈ ಹಿಡಿದಳು. “ಅವ್ವಾ, ಭಾಳ ಥಂಡಿ ಐತಿ.”

“ಬಿಡಬ್ಯಾಡ. ಈಗ ಬೆಚ್ಚಗಾಗ್ತೈತಿ.”

ಐರಾ ಬಿಡಲಿಲ್ಲ. ಕಾಲು ಗಂಟೆಯಲ್ಲಿ ಮುರಿಗೆಪ್ಪನ ತುಟಿಗೆ ಕೆಂಪು ಮರಳಿತು. ಗುಮಾಸ್ತ ಐರಾಳ ಕಂಕುಳಿನಿಂದ ಥರ್ಮಾಮೀಟರ್ ತೆಗೆದು ನೋಡಿದ. ಬಂದಾಗ ಮೂವತ್ತೈದೂವರೆ ಡಿಗ್ರಿ ಇದ್ದ ಅವಳ ಮೈಶಾಖ ಈಗ ೩೪.೨ ಡಿಗ್ರಿ ಸೆಲ್ಸಿಯಸ್.