ಬೆಳಗಿನ ಸ್ಟಾರ್ಚ್

"ಬೆಳಿಗ್ಗೆ ಅಕ್ಕಿಯ ಸ್ಟಾರ್ಚ್ ಸಿಗುತ್ತದೆಯೇ?"

ಜಪಾನಿನಿಂದ ಬಂದ ಪ್ರಶ್ನೆಯನ್ನು ಕಂಪ್ಯೂಟರ್ ತನಗೆ ತಿಳಿದಂತೆ ಇಂಗ್ಲಿಷಿಗೆ ತಿರುಗಿಸಿ ಮುಂದಿಟ್ಟಿತ್ತು. ಹೋಟೆಲಿನ ಸೇಲ್ಸ್ ಮ್ಯಾನೇಜರ್ ಮುದ್ದುಕೃಷ್ಣ ಹಿಂದೆಮುಂದೆ ನೋಡದೆ, "ಸಿಗುತ್ತದೆ, ನೆಲಮಾಳಿಗೆಯ ಲಾಂಡ್ರಿಯಲ್ಲಿ ವಿಚಾರಿಸಿ" ಎಂದು ಉತ್ತರ ಕುಟ್ಟಿ ಕಳಿಸಿಬಿಟ್ಟರು. ಮೈಸೂರಿನ ಮುದ್ದುಕೃಷ್ಣರಿಗೆ ಸ್ಟಾರ್ಚ್ ಎಂದರೆ ಪ್ರಾಣ. ಅವರ ಶರ್ಟು ಅವರಿಲ್ಲದೆಯೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತದೆ ಎಂದು ಆಫೀಸೇ ಆಡಿಕೊಳ್ಳುತ್ತಿತ್ತು.

ಪಕ್ಕದ ಟೇಬಲಿನಲ್ಲಿ ರಿಸರ್ವೇಶನ್ ನೋಡಿಕೊಳ್ಳುವ ಕೊನ್ಸೆಪ್ಟಾ ತುಟಿ ಕಚ್ಚಿದಳು. ಈ ವಾರದಲ್ಲಿ ಇದು ನಾಲ್ಕನೇ ಸ್ಟಾರ್ಚು. ಹಿಂದಿನ ಮೂವರೂ ಲಾಂಡ್ರಿಯ ವಿಳಾಸ ಓದಿ ಬೇರೆ ಹೋಟೆಲು ಹಿಡಿದಿದ್ದರು. ಫುಟ್‌ಬಾಲ್ ವಿಶ್ವಕಪ್ಪಿಗೆ ಇನ್ನು ಮೂರೇ ವಾರ. ಹಿಡಿದಿಟ್ಟಿದ್ದ ಮೂವತ್ತು ಕೋಣೆಗಳನ್ನು ಟ್ರಾವೆಲ್ ಕಂಪನಿಯೊಂದು ಕೊನೆ ಗಳಿಗೆಯಲ್ಲಿ ಕೈಬಿಟ್ಟು, ಗಲ್ಫಿನ ಮದೀನತ್ ಖಲೀಫಾ ಬಡಾವಣೆಯ ಆ ಹೋಟೆಲಿನ ಮೂರನೇ ಮಹಡಿ ಪೂರ್ತಿ ಖಾಲಿ ಬಿದ್ದಿತ್ತು. ದೊಡ್ಡ ವೆಬ್‌ಸೈಟುಗಳ ಸಂತೆಯಲ್ಲಿ ನಮ್ಮನ್ನು ಯಾರು ನೋಡುತ್ತಾರೆ, ಜಪಾನಿನವರು ತಮ್ಮ ಭಾಷೆಯಲ್ಲೇ ಕೋಣೆ ಹುಡುಕುವ ಸೈಟಿಗೇ ಹೋಗೋಣ ಎಂದು ಹಠ ಹಿಡಿದವಳು ಕೊನ್ಸೆಪ್ಟಾ. ಹೋದದ್ದೂ ಆಯಿತು. ಆದರೆ ಅಲ್ಲಿ ಮುದ್ದುಕೃಷ್ಣ ಹಾಕಿಸಿದ ಫೋಟೋಗಳೆಂದರೆ ಮಾರ್ಬಲ್ ಲಾಬಿ, ತೂಗುದೀಪ, ಮತ್ತೆ ಮಾರ್ಬಲ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಹತ್ತು ದಿನದಲ್ಲಿ ಒಂದು ಕೋಣೆಯೂ ಬುಕ್ಕಾಗಿರಲಿಲ್ಲ.

"ಗುರುವಾರದ ತನಕ ನೋಡ್ತೀನಿ ಕಣಮ್ಮ," ಎಂದರು ಮುದ್ದುಕೃಷ್ಣ. "ಆಮೇಲೆ ನಿನ್ನ ಜಪಾನ್ ಖಲಾಸ್. ವೀಸಾ ರಿನ್ಯೂ ಮಾಡಿ ಅಂತ ನನ್ ಹತ್ರ ಬರ್ಬೇಡ."

ಕೊನ್ಸೆಪ್ಟಾಳ ಊರಿನಲ್ಲಿ ತಂಗಿಯ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಬಾಕಿ. ಅವಳು ಆ ಪ್ರಶ್ನೆಯನ್ನು ಮತ್ತೆ ತೆರೆದು, ಈ ಸಲ ಮೊದಲಿಂದ ಓದಿದಳು: "ಅಪ್ಪನಿಗೆ ಎಪ್ಪತ್ತೆಂಟು. ಹೊಟ್ಟೆ ಸೂಕ್ಷ್ಮ. ಬೆಳಿಗ್ಗೆ ಅಕ್ಕಿಯ ಸ್ಟಾರ್ಚ್ ಸಿಗುತ್ತದೆಯೇ?" ಹೊಟ್ಟೆಗೂ ಸ್ಟಾರ್ಚಿಗೂ ಎತ್ತಣ ಸಂಬಂಧ? ಸ್ಟಾರ್ಚ್ ಎಂದರೆ ಗಂಜಿ. ಗಂಜಿ ಎಂದರೆ... ಅವಳು ಎದ್ದ ರಭಸಕ್ಕೆ ಕುರ್ಚಿ ಗೋಡೆಗೆ ಹೋಗಿ ಬಡಿಯಿತು.

"ಸಾರ್! ಇದು ಬಟ್ಟೆಗೆ ಹಾಕುವ ಗಂಜಿ ಅಲ್ಲ ಸಾರ್, ಹೊಟ್ಟೆಗೆ ಹಾಕುವ ಗಂಜಿ!"

"ಗಂಜೀನಾ? ವರ್ಲ್ಡ್ ಕಪ್ ನೋಡೋಕೆ ಬರೋರು ಗಂಜಿ ಕುಡೀತಾರಾ? ನಾವೇನು ಇಲ್ಲಿ ಗಂಜಿ ಕೇಂದ್ರ ತೆಗ್ದಿದೀವಾ?"

ಉತ್ತರ ಕೊಡಲು ಅವಳು ಅಲ್ಲಿದ್ದರಲ್ಲವೇ! ನೆಲಮಾಳಿಗೆಯಲ್ಲಿ ಲಾಂಡ್ರಿಯ ಪಕ್ಕದ ಬಾಗಿಲೇ ಸ್ಟಾಫ್ ಮೆಸ್. ಬಂಟ್ವಾಳದ ಮೊಯ್ದಿನ್ ಹನ್ನೊಂದು ವರ್ಷದಿಂದ ಅಲ್ಲಿ ಕರಾವಳಿಯ ಕೆಲಸಗಾರರಿಗೆಂದು ಕುಚ್ಚಲಕ್ಕಿ ಗಂಜಿ ಬೇಯಿಸುತ್ತಿದ್ದರು. ಆ ಗಂಜಿ ಒಂದು ದಿನವೂ ಮೇಲಿನ ಊಟದ ಹಾಲಿಗೆ ಹೋದದ್ದಿಲ್ಲ. ಮೊಯ್ದಿನ್ ಕೂಡ ಹೋದದ್ದಿಲ್ಲ.

"ಮೊಯ್ದಿನಾಕ, ಬಿಳಿ ಬೌಲಲ್ಲಿ ಸ್ವಲ್ಪ ಗಂಜಿ ಕೊಡಿ. ಚಂದ ಕಾಣ್ಬೇಕು."

"ಗಂಜಿಗೆ ಎಂತ ಚಂದ ಮಾರಾಯ್ತಿ? ಹಸಿವಾದ್ರೆ ಕೂತ್ಕೊ, ಉಪ್ಪಿನಕಾಯಿಯೂ ಉಂಟು."

"ಅದನ್ನೂ ಹಾಕಿ. ನಡುವಲ್ಲಿ ಒಂದೇ ಒಂದು ಮಾವಿನ ಮಿಡಿ."

ಹೇಗೂ ಹೋಗುವ ವೀಸಾ, ಇನ್ನು ಯಾರ ಅಪ್ಪಣೆ ಕೇಳುವುದು? ಅವಳು ಮೊಬೈಲಿನಲ್ಲಿ ಫೋಟೋ ತೆಗೆದಳು. ಜಪಾನಿ ಸೈಟಿನ ಮೊದಲ ಮಾರ್ಬಲನ್ನು ಕಿತ್ತು, ಗಂಜಿಯನ್ನು ಆ ಜಾಗದಲ್ಲಿ ಕೂರಿಸಿದಳು. ಪ್ರಶ್ನೆ ಕೇಳಿದ ಮಗನಿಗೆ ಕ್ಷಮೆ ಕೇಳಿ ಬರೆದಳು: ಪ್ರತಿದಿನ ಬೆಳಿಗ್ಗೆ ಆರರಿಂದ, ನಿಮ್ಮ ಅಪ್ಪನಿಗೆ ಬೇಕಾದಷ್ಟು.

ಅರ್ಧ ಗಂಟೆಯಲ್ಲಿ ಎರಡು ಕೋಣೆ ಬುಕ್ಕಾಯಿತು. ಜೊತೆಗೊಂದು ಸಾಲು: "ನಮ್ಮಲ್ಲೂ ಗಂಜಿಯ ನಡುವೆ ಉಪ್ಪಿನಲ್ಲಿ ಹಾಕಿದ ಹುಳಿಕಾಯಿ ಒಂದನ್ನೇ ಇಡುವುದು. ನಿಮಗೆ ಹೇಗೆ ಗೊತ್ತು?" ಕೊನ್ಸೆಪ್ಟಾಳಿಗೆ ಗೊತ್ತಿರಲಿಲ್ಲ. ಅವಳ ಅಜ್ಜಿ ಹಾಗೆ ಇಡುತ್ತಿದ್ದಳು, ಅಷ್ಟೇ. ಬುಧವಾರಕ್ಕೆ ಹದಿನೇಳು ಕೋಣೆ, ಗುರುವಾರ ಮಧ್ಯಾಹ್ನಕ್ಕೆ ಮೂವತ್ತೂ ಭರ್ತಿ. ಅವಳು ಮುಂದಿಟ್ಟ ವೀಸಾ ಫಾರ್ಮಿಗೆ ಮುದ್ದುಕೃಷ್ಣ ಸಹಿ ಹಾಕಿದರು. "ನಾನ್ ಹೇಳ್ಲಿಲ್ವಾ, ಜಪಾನ್ ಒಳ್ಳೇ ಮಾರ್ಕೆಟ್ಟು ಅಂತ?" ಎಂದದ್ದು ಆಮೇಲೆ. ಮರುದಿನ ಅಬು ಹಮೂರಿನ ಇಗರ್ಜಿಯಲ್ಲಿ ಅವಳು ಹಾಡಿದ ದನಿಗೆ ಮುಂದಿನ ಬೆಂಚಿನವರೆಲ್ಲ ತಿರುಗಿ ನೋಡಿದರು.

ವಿಶ್ವಕಪ್ ಶುರುವಾದ ಮೂರನೇ ಬೆಳಿಗ್ಗೆ. ನೆಲಮಾಳಿಗೆಯ ದೊಡ್ಡ ಪಾತ್ರೆ ಅತಿಥಿಗಳ ಲಿಫ್ಟಿನಲ್ಲೇ ಮೇಲೆ ಬಂದಿತ್ತು, ಹೊಸ ಬಿಳಿ ಟೊಪ್ಪಿಯ ಮೊಯ್ದಿನ್ ಜೊತೆಗೆ. ನೀಲಿ ಜೆರ್ಸಿಗಳ ಸಾಲು ಬಾಗಿಲವರೆಗೆ ಬೆಳೆದಿತ್ತು. ಎಪ್ಪತ್ತೆಂಟರ ಆ ಅಪ್ಪ ಬೌಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು, ಆಮೇಲೆ ಮೊಯ್ದಿನ್ ಕಡೆಗೆ ತಿರುಗಿ ನಡು ಬಗ್ಗಿಸಿ ವಂದಿಸಿದರು. ಮೊಯ್ದಿನ್ ಎದೆಗೆ ಕೈಯಿಟ್ಟು ತಾವೂ ಬಗ್ಗಿದರು. ಕೊನ್ಸೆಪ್ಟಾ ಕಣ್ಣೊರೆಸಿಕೊಂಡಳು.

ಸಾಲಿನ ಕೊನೆಯಲ್ಲಿ, ಗರಿಗರಿ ಶರ್ಟಿನ ಮುದ್ದುಕೃಷ್ಣ ಬೌಲು ಹಿಡಿದು ನಿಂತಿದ್ದರು.

"ಮೊಯ್ದಿನ್, ನಂಗೂ ಒಂದಿಷ್ಟು ಹಾಕಪ್ಪ."

"ಖಲಾಸ್ ಸಾರ್," ಎಂದು ಮೊಯ್ದಿನ್ ಪಾತ್ರೆ ಓರೆ ಮಾಡಿ ತೋರಿಸಿದರು.

ಕೊನ್ಸೆಪ್ಟಾ ಒಳಗೆ ಇಣುಕಿದಳು. "ಅನ್ನ ಮುಗೀತು ಸಾರ್. ಅಡಿಯಲ್ಲಿ ಸ್ವಲ್ಪ ತಿಳಿ ಉಂಟು. ಲಾಂಡ್ರಿಗೆ ಕಳಿಸ್ಲಾ?"