ಮಂಚದ ಬಳಿಯ ರೈಲು

ಕೆಂಪು ಬಾಳೆಹಣ್ಣು ಸುಲಿದಾಗಲೆಲ್ಲ ನಿಜಾಮರ ಕಾಲದ ಕಮಲಾಪುರದ ಒಂದು ಉರಿಬಿಸಿಲ ಮಧ್ಯಾಹ್ನ ನೆನಪಾಗುತ್ತದೆ.

ಹಾಸಿಗೆ ಹಿಡಿದಿದ್ದ ಅಜ್ಜಿಗೆ ಗಾಳಿ ಬೀಸುತ್ತ ಅಜ್ಜ ಮಳೆಗೆ ಹೆಸರಾದ ಗುಡ್ಡದೂರು ಲೋಣಾವಳಕ್ಕೆ ಮಾತಿನಲ್ಲೇ ಪ್ರಯಾಣ ಹೂಡುತ್ತಿದ್ದ.

“ಮಿರಗದ ಮಳಿ ಕೂಡಿತಂದ್ರ ಹೊರಡೋಣು. ಕಲಬುರ್ಗಿ ತನಕ ಬಂಡಿ, ಮುಂದ ರೈಲು. ನಮ್ಮ ಕೆಂಪು ಬಾಳಿಕಾಯಿ ಒಯ್ಯೋಣು, ದಾರ್ಯಾಗ ಹಣ್ಣಾಗ್ತಾವ. ಅಲ್ಲಿ ಕೆರಿ ದಂಡಿಗೆ ಕುಂತು ತಿನ್ನೋಣು.”

ಇನ್ನೂ ಶಾಲೆಗೆ ಹೋಗುತ್ತಿದ್ದ ನಾನು ವಾದಕ್ಕಿಳಿದೆ. “ಅಜ್ಜಿಗೆ ಎದ್ದು ಕೂಡಾಕ ಬರಂಗಿಲ್ಲ. ರೈಲು ಹೆಂಗ ಹತ್ತತಾಳ? ನೀನರ ಆ ಊರು ಯಾವಾಗ ನೋಡಿದಿ?”

ಅಜ್ಜನ ಬೀಸಣಿಗೆ ನಿಂತಿತು. ನಾನು ಗೆದ್ದಿದ್ದೆ.

“ವಕೀಲ ಸಾಹೇಬ್ರ, ಸಾಕ್ರೀ ನಿಮ್ಮ ಸವಾಲು,” ಎಂದಳು ಅಜ್ಜಿ ನನಗೆ. ಆಮೇಲೆ ಅಜ್ಜನತ್ತ ಹೊರಳಿದಳು. “ಕಿಡಕಿ ಕಡೆ ನಾನೇ ಕುಂಡ್ರಾಕಿ. ಹೇಳ್ರೀ, ಮಳಿ ಎಲ್ಲಿಂದ ಸುರು ಆಗ್ತದ?”

“ಪುಣೆ ದಾಟಿದ ಕೂಡ್ಲೇ,” ಎಂದ ಅಜ್ಜ.

ಮಳೆಹನಿ ತಾಗಿದವಳಂತೆ ಅಜ್ಜಿ ಮೆಲ್ಲಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.